ಗಮನ ಎಲ್ಲಿಗೆ ಹೋಯಿತು? ಎಡಿಎಚ್‌ಡಿ ಅನ್ನುವ ಮೊದಲು

ನಾಲ್ಕು ಮಕ್ಕಳ ಡೈರಿಯಲ್ಲಿ ಟೀಚರ್ ಒಂದೇ ಸಾಲು ಬರೆದಿದ್ದಾರೆ ಅಂದುಕೊಳ್ಳಿ: "ಪಾಠದ ಕಡೆ ಗಮನ ಇಲ್ಲ."

ಮೊದಲನೆಯವನು ರಾತ್ರಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಾನೆ. ಹತ್ತು ಗಂಟೆ ಮಲಗಿದರೂ ಬೆಳಿಗ್ಗೆ ಏಳುವಾಗ ಮಲಗಿಯೇ ಇರಲಿಲ್ಲವೇನೋ ಅನ್ನುವ ಹಾಗಿರುತ್ತಾನೆ. ಎರಡನೆಯವಳಿಗೆ ಅಕ್ಷರ ಕೂಡಿಸಿ ಓದುವುದೇ ದೊಡ್ಡ ಕೆಲಸ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಸೋತು ಕಿಟಕಿಯ ಕಡೆ ತಿರುಗುತ್ತಾಳೆ. ಮೂರನೆಯವನ ಮನೆಯಲ್ಲಿ ಅಪ್ಪ ಅಮ್ಮ ಬೇರೆಯಾಗುವ ಮಾತು ನಡೆದಿದೆ. ಎದುರಿಗೆ ಭಾಗಾಕಾರದ ಲೆಕ್ಕ ಇದ್ದರೂ ಅವನ ತಲೆಯಲ್ಲಿ ಓಡುತ್ತಿರುವ ಲೆಕ್ಕ ಬೇರೆ: ಇನ್ನು ಮೇಲೆ ನಾನು ಯಾರ ಜೊತೆ ಇರಬೇಕು? ನಾಲ್ಕನೆಯವಳಿಗೆ ನಿಜವಾಗಿಯೂ ಎಡಿಎಚ್‌ಡಿ (ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್, ಅಂದರೆ ಗಮನ ನಿಲ್ಲದ, ಚಡಪಡಿಕೆ ಮತ್ತು ದುಡುಕಿನ ತೊಂದರೆ) ಇದೆ. ಆದರೆ ನಾಲ್ವರಲ್ಲಿ ಯಾರಿಗೆ ಇರಬಹುದು ಅಂತ ಕೇಳಿದರೆ ಹೆಚ್ಚಿನವರು ಇವಳ ಕಡೆ ಕೈ ತೋರಿಸುವುದೇ ಇಲ್ಲ. ಯಾರಿಗೂ ತೊಂದರೆ ಕೊಡದೆ ಸುಮ್ನೆ ಕೂತಿರುತ್ತಾಳಲ್ಲ, ಅದಕ್ಕೆ.

ಟೀಚರ್ ಬರೆದದ್ದು ಸುಳ್ಳಲ್ಲ. ನಾಲ್ವರಿಗೂ ಗಮನ ಇಲ್ಲ. ಆದರೆ ಆ ಸಾಲು ಏನಾಗುತ್ತಿದೆ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. "ನಿಮ್ಮ ಮಗುವಿಗೆ ಎಡಿಎಚ್‌ಡಿ ಇರಬಹುದು, ಒಮ್ಮೆ ತೋರಿಸಿ" ಅಂತ ಯಾರಾದರೂ ಹೇಳಿದಾಗ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಏಳುತ್ತವೆ. ಒಂದು, "ಎಲ್ಲ ಮಕ್ಕಳೂ ಹೀಗೇ, ದೊಡ್ಡವನಾದರೆ ಸರಿಹೋಗುತ್ತಾನೆ." ಇನ್ನೊಂದು, "ಹೌದು, ಇಂಟರ್ನೆಟ್‌ನಲ್ಲಿ ಓದಿದ್ದೆಲ್ಲ ಇವನಿಗೇ ಬರೆದ ಹಾಗಿದೆ." ನನ್ನ ಪ್ರಕಾರ ಎರಡೂ ಆತುರದ ಮಾತು. ಎಡಿಎಚ್‌ಡಿ ಹೌದೋ ಅಲ್ಲವೋ ಅಂತ ಅನುಮಾನಪಡುವುದು ತಪ್ಪಲ್ಲ. ಆದರೆ ಅನುಮಾನ ಬಂದ ಮೇಲೆ ಹುಡುಕಬೇಕು. ಹುಡುಕದೆ ಕೂತರೆ ಅದು ಅನುಮಾನವಲ್ಲ, ಮುಂದೂಡುವುದು ಅಷ್ಟೇ.

ಹೆಸರೇ ಅರ್ಧ ದಾರಿ ತಪ್ಪಿಸುತ್ತದೆ

ಕನ್ನಡದಲ್ಲಿ 'ಗಮನ' ಅಂದರೆ ಹೋಗುವುದು ಅಂತಲೂ ಅರ್ಥ ಇದೆ. ಆಗಮನ, ನಿರ್ಗಮನದಲ್ಲಿ ಇರುವುದು ಅದೇ ಗಮನ. ಎಡಿಎಚ್‌ಡಿಯನ್ನು ಅರ್ಥ ಮಾಡಿಕೊಳ್ಳಲು ಈ ಹಳೆಯ ಅರ್ಥ ಚೆನ್ನಾಗಿ ಒದಗುತ್ತದೆ. ಇಂಗ್ಲಿಷಿನ ಹೆಸರು 'ಕೊರತೆ' ಅನ್ನುತ್ತದೆ. ನಾವೂ ಅದನ್ನೇ 'ಗಮನ ಕೊರತೆ' ಅಂತ ಮಾಡಿಕೊಂಡಿದ್ದೇವೆ. ನಿಜಕ್ಕೂ ಈ ಮಕ್ಕಳಲ್ಲಿ ಗಮನಕ್ಕೆ ಬರವಿಲ್ಲ. ಅದು ಹೋಗುತ್ತಲೇ ಇರುತ್ತದೆ, ಆದರೆ ಬೇಕಾದ ಕಡೆ ಅಲ್ಲ, ಬೇಕಾದ ಹೊತ್ತಿಗೆ ಅಲ್ಲ. ಹಿಡಿದು ತಿರುಗಿಸುವ ಹಿಡಿಕೆ ಸಡಿಲ.

ಡಾಕ್ಟರುಗಳು ಬಳಸುವ ಅಳತೆಗೋಲು ಏನು? ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಎರಡು ಪಟ್ಟಿಗಳಿವೆ. ಒಂದು ಗಮನಕ್ಕೆ ಸಂಬಂಧಿಸಿದ್ದು: ಸಣ್ಣಪುಟ್ಟ ತಪ್ಪು ಮಾಡುವುದು, ಹೇಳಿದ್ದು ಕೇಳಿಸಿಕೊಳ್ಳದ ಹಾಗಿರುವುದು, ಶುರು ಮಾಡಿದ ಕೆಲಸ ಮುಗಿಸದಿರುವುದು, ವಸ್ತು ಕಳೆದುಕೊಳ್ಳುವುದು, ಮರೆಯುವುದು ಇತ್ಯಾದಿ. ಇನ್ನೊಂದು ಚಡಪಡಿಕೆ ಮತ್ತು ದುಡುಕಿನದ್ದು. ಒಂದೊಂದರಲ್ಲೂ ಒಂಬತ್ತು ಲಕ್ಷಣ. ಯಾವುದಾದರೂ ಒಂದು ಪಟ್ಟಿಯಲ್ಲಿ ಕನಿಷ್ಠ ಆರು ಇರಬೇಕು. 17 ವರ್ಷ ದಾಟಿದವರಿಗೆ ಐದು ಸಾಕು.

ಇಲ್ಲಿಗೇ ಓದು ನಿಲ್ಲಿಸಿದರೆ ಪ್ರಪಂಚದ ಅರ್ಧ ಮಕ್ಕಳಿಗೆ ಎಡಿಎಚ್‌ಡಿ ಇದೆ ಅನ್ನಿಸಿಬಿಡುತ್ತದೆ. ಪೆನ್ಸಿಲ್ ಕಳೆಯದ ಮಗು ಯಾವುದು ಹೇಳಿ? ಅಸಲು ವಿಷಯ ಇರುವುದು ಪಟ್ಟಿಯ ಕೆಳಗಿನ ಷರತ್ತುಗಳಲ್ಲಿ. ಆ ಲಕ್ಷಣಗಳು ಮಗುವಿನ ವಯಸ್ಸಿಗೆ ಮೀರಿದ ಮಟ್ಟದಲ್ಲಿರಬೇಕು. ಆರು ತಿಂಗಳಾದರೂ ಮುಂದುವರಿದಿರಬೇಕು. ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ಮನೆ, ಶಾಲೆ, ಆಟದ ಮೈದಾನ ಹೀಗೆ ಎರಡು ಕಡೆಯಾದರೂ ಕಾಣಬೇಕು. ಮಗುವಿನ ಓದಿಗೋ ಗೆಳೆತನಕ್ಕೋ ದಿನದ ಬದುಕಿಗೋ ಅದರಿಂದ ನಿಜವಾದ ಪೆಟ್ಟು ಬೀಳುತ್ತಿರಬೇಕು. ಕೊನೆಯದಾಗಿ, ಬೇರೆ ಯಾವ ಕಾರಣವೂ ಅದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಬಾರದು.

ಆ ಕೊನೆಯ ಷರತ್ತನ್ನು ಪೂರೈಸಲು ಹೊತ್ತು ಬೇಕು, ತಾಳ್ಮೆ ಬೇಕು. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಕೂಡ ಅದೇ.

ಇದು ಈಚೆಗೆ ಹುಟ್ಟಿಸಿದ ಕಾಯಿಲೆ ಅನ್ನುವವರಿಗೂ ಒಂದು ಮಾತು. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದು 1902ರಲ್ಲಿ. ಹೆಸರು ಮಾತ್ರ ಬದಲಾಗುತ್ತ ಬಂತು. 1980ರಲ್ಲಿ ಎಡಿಡಿ (ಅಟೆನ್ಷನ್ ಡೆಫಿಸಿಟ್ ಡಿಸಾರ್ಡರ್), 1987ರಲ್ಲಿ ಎಡಿಎಚ್‌ಡಿ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಸುಮಾರು ನೂರಕ್ಕೆ ಐದು ಮಕ್ಕಳಲ್ಲಿ ಇದು ಕಂಡುಬಂದಿದೆ. ವಂಶವಾಹಿಗಳ ಪಾತ್ರ ದೊಡ್ಡದು. ಮಗುವಿನ ಬಗ್ಗೆ ವಿಚಾರಿಸುತ್ತ ಹೋದಾಗ "ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ" ಅಂತ ಅಪ್ಪನೋ ಅಮ್ಮನೋ ನಿಧಾನಕ್ಕೆ ಹೇಳುವುದು ಅಪರೂಪವೇನಲ್ಲ.

ಏನನ್ನೂ ಸಾಬೀತು ಮಾಡದ ಮೂರು ಸಾಕ್ಷಿಗಳು

"ಟಿವಿ ಮುಂದೆ ಗಂಟೆಗಟ್ಟಲೆ ಕೂರುತ್ತಾನಲ್ಲ, ಅವನಿಗೆಲ್ಲಿಯ ಎಡಿಎಚ್‌ಡಿ?" ಅತಿ ಹೆಚ್ಚು ಕೇಳುವ ಮಾತು ಇದು. ಕೇಳಲು ಸರಿ ಅನ್ನಿಸುತ್ತದೆ. ಆದರೆ ವಿಡಿಯೋ ಗೇಮ್‌ನಲ್ಲಿ ಗಮನವನ್ನು ಮಗು ಕೊಡಬೇಕಾಗಿಲ್ಲ, ಗೇಮೇ ಎಳೆದುಕೊಳ್ಳುತ್ತದೆ. ಎರಡು ಸೆಕೆಂಡಿಗೊಂದು ಬಹುಮಾನ, ಬಣ್ಣ, ಸದ್ದು. ಮಗ್ಗಿ ಬರೆಯುವಾಗ ಹಾಗಲ್ಲ. ಬೇಜಾರಾದರೂ ಬಿಡದೆ ಮನಸ್ಸನ್ನು ತಾನೇ ಹಿಡಿದು ಕೂರಿಸಬೇಕು. ಎಡಿಎಚ್‌ಡಿ ಇರುವ ಮಗುವಿಗೆ ಕಷ್ಟ ಆಗುವುದು ಈ ಎರಡನೆಯದು. ಹಾಗಾಗಿ ಗೇಮ್ ಆಡುತ್ತ ಮೈಮರೆಯುವುದು ಎಡಿಎಚ್‌ಡಿ ಇಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಇದೆ ಅನ್ನುವುದಕ್ಕೂ ಅಲ್ಲ, ಎಲ್ಲ ಮಕ್ಕಳೂ ಗೇಮ್‌ನಲ್ಲಿ ಮೈಮರೆಯುತ್ತಾರೆ.

ಎರಡನೆಯದು, "ಡಾಕ್ಟರ ಮುಂದೆ ಎಷ್ಟು ಚೆನ್ನಾಗಿ ಕೂತಿದ್ದ!" ಹೊಸ ಜಾಗ, ಹೊಸ ಮುಖ, ಎಲ್ಲರ ಕಣ್ಣೂ ತನ್ನ ಮೇಲೆ. ಇಪ್ಪತ್ತು ನಿಮಿಷ ಯಾವ ಮಗುವಾದರೂ ಕೂರಬಹುದು. ಅದಕ್ಕೇ ಅನುಭವ ಇರುವ ವೈದ್ಯರು ತಮ್ಮ ಕೋಣೆಯಲ್ಲಿ ಕಂಡದ್ದಕ್ಕಿಂತ ಬೇರೆಯವರು ತಿಂಗಳುಗಟ್ಟಲೆ ಕಂಡದ್ದಕ್ಕೆ ಜಾಸ್ತಿ ಬೆಲೆ ಕೊಡುತ್ತಾರೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. "ಮಾತ್ರೆ ಕೊಟ್ಟರು, ಸುಧಾರಿಸಿತು. ಅಂದ ಮೇಲೆ ಎಡಿಎಚ್‌ಡಿಯೇ ಇರಬೇಕು." 1978ರಲ್ಲಿ ಅಮೆರಿಕದ ಮನೋವೈದ್ಯೆ ಜುಡಿತ್ ರಾಪೊಪೋರ್ಟ್ ಮತ್ತು ಅವರ ಜೊತೆಗಾರರು ಯಾವ ತೊಂದರೆಯೂ ಇಲ್ಲದ 14 ಹುಡುಗರಿಗೆ ಇದೇ ಬಗೆಯ ಉತ್ತೇಜಕ ಔಷಧ ಕೊಟ್ಟು ನೋಡಿದರು. ಅವರ ಚಡಪಡಿಕೆಯೂ ಕಡಿಮೆಯಾಯಿತು, ಗಮನವೂ ಸುಧಾರಿಸಿತು. ಕನ್ನಡಕ ಹಾಕಿದರೆ ಕಣ್ಣು ಚೆನ್ನಾಗಿರುವವರಿಗೆ ಮಂಜಾಗುತ್ತದೆ. ಈ ಮಾತ್ರೆ ಕನ್ನಡಕದ ಹಾಗಲ್ಲ. ಎಡಿಎಚ್‌ಡಿ ಇರುವ ಮಕ್ಕಳಿಗೆ ಇದು ಒಳ್ಳೆಯ ಔಷಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಪರೀಕ್ಷೆಯ ಹಾಗೆ ಬಳಸಿ "ನೋಡೋಣ, ಕೆಲಸ ಮಾಡುತ್ತಾ" ಅಂದರೆ ಉತ್ತರ ಸಿಗುವುದಿಲ್ಲ.

ಹುಟ್ಟಿದ ತಿಂಗಳು ರೋಗ ಆಗುತ್ತದೆಯೇ?

ಈ ಇಡೀ ವಿಷಯದಲ್ಲಿ ನನ್ನನ್ನು ಬಹಳ ಬೆಚ್ಚಿಬೀಳಿಸಿದ ಸಂಗತಿ ಮಿದುಳಿಗೆ ಸಂಬಂಧಿಸಿದ್ದೇ ಅಲ್ಲ. ಅದು ಕ್ಯಾಲೆಂಡರಿಗೆ ಸಂಬಂಧಿಸಿದ್ದು.

ಶಾಲೆಗೆ ಸೇರಿಸಲು ಒಂದು ಕಡೆಯ ದಿನಾಂಕ ಇರುತ್ತದೆ, ಅಲ್ವಾ? ಆ ದಿನಾಂಕಕ್ಕೆ ಸ್ವಲ್ಪ ಮೊದಲು ಹುಟ್ಟಿದ ಮಗು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕದು. ಒಂದು ದಿನ ಆಮೇಲೆ ಹುಟ್ಟಿದ್ದು ಮುಂದಿನ ವರ್ಷ ಸೇರಿ ಎಲ್ಲರಿಗಿಂತ ದೊಡ್ಡದಾಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕಡೆಯ ದಿನ ಡಿಸೆಂಬರ್ 31. ಅಲ್ಲಿನ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಜಾಲಾಡಿದ ಅಧ್ಯಯನ 2012ರಲ್ಲಿ ಬಂತು. ಜನವರಿಯಲ್ಲಿ ಹುಟ್ಟಿದ ಹುಡುಗರಿಗಿಂತ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರಿಗೆ ಎಡಿಎಚ್‌ಡಿ ಅಂತ ಹೇಳಿದ ಪ್ರಮಾಣ ಶೇ. 30ರಷ್ಟು ಹೆಚ್ಚು. ಹುಡುಗಿಯರಲ್ಲಿ ಶೇ. 70ರಷ್ಟು ಹೆಚ್ಚು.

2018ರಲ್ಲಿ ಅಮೆರಿಕದಿಂದಲೂ ಅಂಥದೇ ಲೆಕ್ಕ ಬಂತು. ಸೆಪ್ಟೆಂಬರ್ 1 ಕಡೆಯ ದಿನವಾಗಿರುವ ರಾಜ್ಯಗಳಲ್ಲಿ, ಆಗಸ್ಟಿನಲ್ಲಿ ಹುಟ್ಟಿದ ಹತ್ತು ಸಾವಿರ ಮಕ್ಕಳಲ್ಲಿ ಸುಮಾರು 85 ಮಂದಿಗೆ ಎಡಿಎಚ್‌ಡಿ ಅಂದಿದ್ದರು. ಸೆಪ್ಟೆಂಬರಿನಲ್ಲಿ ಹುಟ್ಟಿದವರಲ್ಲಿ ಸುಮಾರು 64. ಸೆಪ್ಟೆಂಬರ್ 1 ಕಡೆಯ ದಿನವಲ್ಲದ ರಾಜ್ಯಗಳಲ್ಲಿ ಈ ಎರಡು ತಿಂಗಳ ನಡುವೆ ಅಂಥ ವ್ಯತ್ಯಾಸವೇ ಕಾಣಲಿಲ್ಲ.

ಮಿದುಳಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಹಾಗಾದರೆ ಆಗುತ್ತಿರುವುದೇನು? ಐದು ವರ್ಷದ ಮಗುವನ್ನು ಆರು ವರ್ಷದವರ ಪಕ್ಕ ಕೂರಿಸಿ ಹೋಲಿಸುತ್ತಿದ್ದೇವೆ. ಆ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಬದುಕಿನ ಐದನೇ ಒಂದು ಪಾಲು! ಚಿಕ್ಕ ಮಗು ಚಿಕ್ಕ ಮಗುವಿನ ಹಾಗೆ ಆಡುತ್ತಿದೆ, ಅಷ್ಟೇ. ಆದ್ದರಿಂದ ಶಾಲೆಯಿಂದ ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆಗೆ ಖರ್ಚೂ ಇಲ್ಲ, ಪರೀಕ್ಷೆಯೂ ಬೇಡ: ತರಗತಿಯ ಉಳಿದ ಮಕ್ಕಳಿಗಿಂತ ನಮ್ಮ ಮಗು ಎಷ್ಟು ತಿಂಗಳು ಚಿಕ್ಕದು?

ಎಡಿಎಚ್‌ಡಿಯ ಹಾಗೆ ಕಾಣುವವು

ನಿದ್ದೆಯಿಂದ ಶುರು ಮಾಡುತ್ತೇನೆ. ಜಾಸ್ತಿ ಮೋಸ ಮಾಡುವುದು ಅದೇ. ದೊಡ್ಡವರಿಗೆ ನಿದ್ದೆಗೆಟ್ಟರೆ ತೂಕಡಿಸುತ್ತೇವೆ. ಎಷ್ಟೋ ಮಕ್ಕಳು ಉಲ್ಟಾ. ನಿದ್ದೆ ಕಡಿಮೆಯಾದಷ್ಟೂ ಅವರ ಓಡಾಟ, ಹಟ, ಕೂಗಾಟ ಜಾಸ್ತಿ. "ಇಷ್ಟೊಂದು ಕುಣಿಯುವವನಿಗೆ ನಿದ್ದೆ ಸಾಲುತ್ತಿಲ್ಲ ಅಂದರೆ ಯಾರು ನಂಬುತ್ತಾರೆ" ಅನ್ನಿಸುತ್ತದೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾತಜ್ಞರು. ಗಂಟೆ ಎಣಿಸಿದರೆ ಮಾತ್ರ ಸಾಲದು. ಮಗು ಮಲಗಿದ ಮೇಲೆ ಒಂದು ರಾತ್ರಿ ಅದರ ಪಕ್ಕ ಕೂತು ನೋಡಿ. ಬಾಯಿಂದ ಉಸಿರಾಡುತ್ತಿದೆಯಾ? ಕುತ್ತಿಗೆ ಹಿಂದಕ್ಕೆ ಚಾಚಿಕೊಂಡಿದೆಯಾ? ಗೊರಕೆ ನಡುವೆ ಒಮ್ಮೆಲೇ ನಿಂತು, ನಾಲ್ಕೈದು ಎಣಿಸುವಷ್ಟು ಹೊತ್ತು ಮೌನ, ಆಮೇಲೆ ಏದುಸಿರು ಬಿಟ್ಟು ಮಗ್ಗಲು ಬದಲಿಸುತ್ತದೆಯಾ? ಹಾಗಿದ್ದರೆ ಟಾನ್ಸಿಲ್ಲೋ ಮೂಗಿನ ಹಿಂದಿನ ಅಡಿನಾಯ್ಡೋ ಊದಿ ಉಸಿರಿನ ದಾರಿ ಕಟ್ಟುತ್ತಿರಬಹುದು. ಮಗುವಿಗೆ ಗೊತ್ತೇ ಆಗದ ಹಾಗೆ ರಾತ್ರಿಯಿಡೀ ನಿದ್ದೆ ತುಂಡಾಗುತ್ತಿರುತ್ತದೆ.

ಆ ಟಾನ್ಸಿಲ್, ಅಡಿನಾಯ್ಡ್ ತೆಗೆಸಿದರೆ ಎಲ್ಲ ಸರಿಹೋಗುತ್ತದೆಯೇ? 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದ ಅಮೆರಿಕದ ದೊಡ್ಡ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಬೇಗ ಶಸ್ತ್ರಚಿಕಿತ್ಸೆ ಆದವರ ನಿದ್ದೆ, ನಡವಳಿಕೆ, ದಿನದ ಲವಲವಿಕೆ ಸುಧಾರಿಸಿದವು. ಆದರೆ ಗಮನವನ್ನು ಅಳೆಯುವ ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಿದ್ದೆ ಸರಿಮಾಡುವುದು ಖಂಡಿತ ಬೇಕು. ಅದಾದ ಮೇಲೂ ಗಮನದ ತೊಂದರೆ ಉಳಿದರೆ ಹುಡುಕಾಟ ಮುಂದುವರಿಸಬೇಕು.

ಇನ್ನೊಂದು ಅಪರೂಪದ್ದು, ಆದರೆ ಹತ್ತಿರದಿಂದ ನೋಡಬೇಕಾದದ್ದು. ಮಗು ಬರೆಯುತ್ತಿದೆ. ಪದದ ನಡುವೆ ಪೆನ್ಸಿಲ್ ನಿಲ್ಲುತ್ತದೆ. ಕಣ್ಣು ತೆರೆದೇ ಇದೆ, ನೋಟ ಎಲ್ಲೂ ಇಲ್ಲ. ರೆಪ್ಪೆ ಸಣ್ಣಗೆ ಅದುರುತ್ತದೆ. ಹೆಸರು ಕೂಗಿದರೆ ಉತ್ತರ ಇಲ್ಲ, ಭುಜ ಮುಟ್ಟಿದರೂ ಇಲ್ಲ. ಒಂದರಿಂದ ಹತ್ತು ಎಣಿಸುವಷ್ಟರಲ್ಲಿ ಮುಗಿಯಿತು. ಏನೂ ಆಗದವರ ಹಾಗೆ ಅದೇ ಪದದ ಮುಂದಿನ ಅಕ್ಷರ ಬರೆಯುತ್ತದೆ. ಟೀಚರಿಗೆ ಇದು ಹಗಲುಗನಸು. ಆದರೆ ಇದು ಆಬ್ಸೆನ್ಸ್ ಅನ್ನುವ ಮೂರ್ಛೆಯ ಬಗೆ ಇರಬಹುದು. ಬೀಳುವುದಿಲ್ಲ, ನಡುಗುವುದಿಲ್ಲ, ದಿನಕ್ಕೆ ಹತ್ತಾರು ಸಲ ಬರಬಹುದು. ಸಾಮಾನ್ಯವಾಗಿ 4ರಿಂದ 10ರ ವಯಸ್ಸಿನಲ್ಲಿ ಶುರುವಾಗುತ್ತದೆ. ಹಗಲುಗನಸಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಎಂದರೆ, ಕನಸು ಕಾಣುವ ಮಗು ಮುಟ್ಟಿದರೆ ಈಚೆ ಬರುತ್ತದೆ. ಹಗಲುಗನಸು ಮಾತಿನ ನಡುವೆ, ಊಟದ ನಡುವೆ ತಟ್ಟನೆ ಕವಿಯುವುದಿಲ್ಲ. ಡಾಕ್ಟರು ಮಗುವಿಗೆ ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ. ಕೆಲವರು ಕಾಗದದ ಗಿರಗಟ್ಟಲೆ ಕೊಟ್ಟು ಊದು ಅನ್ನುತ್ತಾರೆ. ಈ ಮೂರ್ಛೆ ಇದ್ದರೆ ಎಷ್ಟೋ ಸಲ ಅಲ್ಲೇ ಕಾಣಿಸಿಕೊಳ್ಳುತ್ತದೆ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಅದರ ಗುರುತು ಸ್ಪಷ್ಟ. ಇದಕ್ಕೆ ಒಳ್ಳೆಯ ಔಷಧವಿದೆ.

ಓದುವ ಕಷ್ಟದ ಕತೆ ಬೇರೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಒಂದು ಪುಟ ಓದುವುದು ನಮಗೆ ಗೊತ್ತಿಲ್ಲದ ಲಿಪಿಯಲ್ಲಿ ಓದಿದ ಹಾಗೆ. ಹತ್ತು ನಿಮಿಷಕ್ಕೆ ತಲೆ ಬಿಸಿ. ಆಮೇಲೆ ಪೆನ್ಸಿಲ್ ಚೂಪು ಮಾಡುವುದು, ನೀರು ಕುಡಿಯಲು ಏಳುವುದು, ಪಕ್ಕದವನನ್ನು ಕೆಣಕುವುದು. ನೋಡುವವರಿಗೆ ಚಂಚಲ. ಇಲ್ಲಿ ಸುಳಿವು ಕೊಡುವುದು ವಿಷಯ. ಕತೆ ಓದಿ ಹೇಳಿದರೆ ಈ ಮಗು ಕಣ್ಣರಳಿಸಿ ಕೇಳುತ್ತದೆ, ಪ್ರಶ್ನೆ ಕೇಳುತ್ತದೆ, ಕೊನೆಯವರೆಗೂ ಇರುತ್ತದೆ. ತಾನೇ ಓದಬೇಕಾದಾಗ ಮಾತ್ರ ಓಡಿಹೋಗುತ್ತದೆ. ಲೆಕ್ಕದಲ್ಲಿ ಮಾತ್ರ ಗಮನ ತಪ್ಪುವ ಮಗು, ಬರೆಯುವಾಗ ಮಾತ್ರ ಗಮನ ತಪ್ಪುವ ಮಗು, ಹೀಗೆ 'ಮಾತ್ರ' ಅನ್ನುವ ಪದ ಬಂದ ಕಡೆಯೆಲ್ಲ ನಿಂತು ನೋಡಬೇಕು. ಎಡಿಎಚ್‌ಡಿ ಸಾಮಾನ್ಯವಾಗಿ ಒಂದು ವಿಷಯಕ್ಕೆ ಅಂಟಿಕೊಂಡಿರುವುದಿಲ್ಲ.

ಹೆದರಿಕೆ, ಆತಂಕ, ಮನೆಯ ಜಗಳ, ಶಾಲೆಯಲ್ಲಿ ಯಾರೋ ಕಾಡುವುದು, ಹತ್ತಿರದವರ ಸಾವು. ಇವುಗಳಿಂದ ಬಂದ ಗಮನದ ತೊಂದರೆಗೆ ಸಾಮಾನ್ಯವಾಗಿ ಒಂದು ಶುರು ಇರುತ್ತದೆ. "ಹೋದ ವರ್ಷದವರೆಗೆ ಚೆನ್ನಾಗಿದ್ದಳು" ಅನ್ನುವ ಮಾತು ಕೇಳಿದರೆ ಎಡಿಎಚ್‌ಡಿಗಿಂತ ಮೊದಲು ಹೋದ ವರ್ಷ ಏನಾಯಿತು ಅಂತ ನೋಡಬೇಕು. ಎಡಿಎಚ್‌ಡಿ ಒಂದು ಮಂಗಳವಾರ ಶುರುವಾಗುವುದಿಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಿವಿಯ ಒಳಗೆ ದ್ರವ ತುಂಬಿ ಕೇಳಿಸುವುದು ಮಂದವಾಗಿರಬಹುದು. ದೃಷ್ಟಿ ಮಂದವಾಗಿರಬಹುದು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರಬಹುದು, ಥೈರಾಯ್ಡ್ ಏರುಪೇರಾಗಿರಬಹುದು, ಸೀಸ ಸೇರಿರಬಹುದು. ಬೇರೆ ಯಾವುದೋ ಕಾಯಿಲೆಗೆ ಕೊಡುತ್ತಿರುವ ಔಷಧದ ಪರಿಣಾಮವೂ ಇರಬಹುದು. ಎಲ್ಲ ಮಕ್ಕಳಿಗೂ ಎಲ್ಲ ಪರೀಕ್ಷೆ ಬೇಡ. ಕಿವಿ, ಕಣ್ಣುಗಳದ್ದು ಮಾತ್ರ ಯಾರೂ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಕೇಳಿಸದ ಮಗುವನ್ನು "ಮಾತು ಕೇಳಲ್ಲ" ಅಂತ ಬೈಯುವುದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಒಂದು ಸಿಕ್ಕಿತು ಅಂದರೆ ಇನ್ನೊಂದು ಇಲ್ಲ ಅಂತಲ್ಲ

ಇಷ್ಟು ಓದಿದವರು "ಸರಿ, ನಮ್ಮ ಮಗುವಿಗೆ ನಿದ್ದೆಯ ಸಮಸ್ಯೆ, ಎಡಿಎಚ್‌ಡಿ ಅಲ್ಲ" ಅಂತ ಎದ್ದು ಹೋಗುವ ಅಪಾಯ ಇದೆ. ಸ್ವಲ್ಪ ತಡೆಯಿರಿ. ಎಡಿಎಚ್‌ಡಿ ಒಂಟಿಯಾಗಿ ಬರುವುದಕ್ಕಿಂತ ಜೊತೆ ಕಟ್ಟಿಕೊಂಡು ಬರುವುದೇ ಜಾಸ್ತಿ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಓದುವ ತೊಂದರೆ, ಆತಂಕ, ನಿದ್ದೆ ಹತ್ತದಿರುವುದು ಎಲ್ಲವೂ ಬೇರೆ ಮಕ್ಕಳಿಗಿಂತ ಹೆಚ್ಚು. ಆಟಿಸಂ ಇದ್ದರೆ ಎಡಿಎಚ್‌ಡಿ ಅನ್ನುವಂತಿಲ್ಲ ಅಂತ ಹಿಂದೆ ನಿಯಮವೇ ಇತ್ತು. 2013ರಲ್ಲಿ ಅದನ್ನು ತೆಗೆದುಹಾಕಿದರು, ಎರಡೂ ಒಟ್ಟಿಗೆ ಇರುವ ಮಕ್ಕಳು ಕಣ್ಣೆದುರೇ ಇದ್ದರಲ್ಲ. ಎಷ್ಟೋ ಸಲ ಎಡಿಎಚ್‌ಡಿಯೇ ಆತಂಕವನ್ನು ತಂದಿಟ್ಟಿರುತ್ತದೆ. ದಿನಾ ಬೈಸಿಕೊಳ್ಳುವ, ದಿನಾ ಏನಾದರೂ ಮರೆಯುವ ಮಗುವಿಗೆ ಶಾಲೆ ಅಂದರೆ ಹೊಟ್ಟೆ ತೊಳಸದೆ ಇನ್ನೇನಾಗುತ್ತದೆ?

ಮೊದಲಿಗೆ ಹೇಳಿದ ನಾಲ್ಕನೆಯವಳು ನೆನಪಿದ್ದಾಳಾ? ಅವಳು ಎಗರಾಡುವುದಿಲ್ಲ. ಪುಸ್ತಕ ತೆರೆದಿರುತ್ತದೆ, ಕಣ್ಣು ಅದರ ಮೇಲಿರುತ್ತದೆ, ಮನಸ್ಸು ಎಲ್ಲೋ. ಐದು ನಿಮಿಷದ ಮನೆಗೆಲಸಕ್ಕೆ ಒಂದು ಗಂಟೆ. ಬುದ್ಧಿ ಚುರುಕಾಗಿದ್ದರೆ ಇನ್ನೂ ಕಷ್ಟ, ಕೆಳಗಿನ ತರಗತಿಗಳಲ್ಲಿ ಹೇಗೋ ದಾಟಿಬಿಡುತ್ತಾಳೆ. ಹೈಸ್ಕೂಲಿಗೆ ಬಂದು ಏಳೆಂಟು ವಿಷಯಗಳನ್ನು ತಾನೇ ಹೊಂದಿಸಿಕೊಳ್ಳಬೇಕಾದಾಗ ಕುಸಿಯುತ್ತಾಳೆ. ಆಗ ಅವಳಿಗೆ ಸಿಗುವ ಹೆಸರು 'ಸೋಮಾರಿ.' ಎಡಿಎಚ್‌ಡಿ ಅಂತ ಗುರುತಾಗುವುದು ಹುಡುಗರಲ್ಲೇ ಜಾಸ್ತಿ, ಹುಡುಗಿಯರಿಗಿಂತ ಎರಡರಷ್ಟಾದರೂ. ಅದರಲ್ಲಿ ಒಂದಷ್ಟು ಪಾಲು ಇಂಥ ಸದ್ದಿಲ್ಲದ ಹುಡುಗಿಯರು ಕಣ್ಣಿಗೆ ಬೀಳದೆ ಉಳಿದದ್ದು. ಒಂದು ಕಡೆ ಇಲ್ಲದವರಿಗೆ ಹಣೆಪಟ್ಟಿ, ಇನ್ನೊಂದು ಕಡೆ ಇರುವವರಿಗೆ ಬೈಗುಳ. ಎರಡೂ ಒಂದೇ ಶಾಲೆಯಲ್ಲಿ ನಡೆಯಬಹುದು.

ಅನುಮಾನದಲ್ಲೇ ವರ್ಷ ಕಳೆಯುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಎಡಿಎಚ್‌ಡಿ ಇರುವ ಮಕ್ಕಳಿಗೆ ಪೆಟ್ಟು ಗಾಯ, ಅಪಘಾತಗಳ ಸಂಭವ ಹೆಚ್ಚು. ಓದು ಅರ್ಧಕ್ಕೆ ನಿಲ್ಲುವುದು, ಗೆಳೆಯರು ದೂರವಾಗುವುದು ಹೆಚ್ಚು.

ಸರಿಯಾದ ತಪಾಸಣೆ ಹೇಗಿರುತ್ತದೆ

ಎಡಿಎಚ್‌ಡಿಗೆ ರಕ್ತಪರೀಕ್ಷೆ ಇಲ್ಲ. ಸ್ಕ್ಯಾನ್ ಇಲ್ಲ. ಮಿದುಳಿನಲ್ಲಿ ವ್ಯತ್ಯಾಸವೇ ಇಲ್ಲ ಅಂತಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಡಿಎಚ್‌ಡಿ ಇರುವ 223 ಮಕ್ಕಳ ಮಿದುಳನ್ನು ಇಲ್ಲದ 223 ಮಕ್ಕಳ ಮಿದುಳಿಗೆ ಹೋಲಿಸಿದರು. ಮಿದುಳಿನ ಹೊರಪದರ ಪೂರ್ತಿ ದಪ್ಪವಾಗುವ ಘಟ್ಟ ಸಾಮಾನ್ಯ ಮಕ್ಕಳಲ್ಲಿ ಏಳೂವರೆ ವರ್ಷದ ಆಸುಪಾಸಿನಲ್ಲಿ ಬಂದರೆ, ಎಡಿಎಚ್‌ಡಿ ಇರುವವರಲ್ಲಿ ಹತ್ತೂವರೆಗೆ ಬಂತು. ಆದರೆ ಇದು ಗುಂಪಿನ ಸರಾಸರಿ. ಒಂದು ಮಗುವಿನ ಸ್ಕ್ಯಾನ್ ಹಿಡಿದು ಹೌದು, ಅಲ್ಲ ಅನ್ನಲು ಆಗುವುದಿಲ್ಲ. ಸ್ಕ್ಯಾನ್ ಮಾಡಿ ಎಡಿಎಚ್‌ಡಿ ಹೇಳುತ್ತೇವೆ ಅಂತ ಯಾರಾದರೂ ಅಂದರೆ ಜೇಬು ಮುಟ್ಟಿ ನೋಡಿಕೊಳ್ಳಿ.

ಇರುವ ಸಾಧನ ಹಳೆಯದೇ: ಕೇಳುವುದು, ಸರಿಯಾಗಿ ಕೇಳುವುದು. ಮನೆಯವರಿಗೊಂದು, ಟೀಚರಿಗೊಂದು ಪ್ರಶ್ನಾವಳಿ ಕೊಡುತ್ತಾರೆ. ವ್ಯಾಂಡರ್‌ಬಿಲ್ಟ್, ಕಾನರ್ಸ್ ಅನ್ನುವವು ಹೆಚ್ಚು ಬಳಕೆಯಲ್ಲಿವೆ. ಈ ಅಂಕಗಳು ಉಪಯೋಗಕ್ಕೆ ಬರುತ್ತವೆ, ಆದರೆ ತುಂಬುವುದು ಮನುಷ್ಯರು. ನಮ್ಮ ಕಣ್ಣು ಎಷ್ಟು ಮೋಸ ಹೋಗುತ್ತದೆ ಅನ್ನುವುದಕ್ಕೆ 1994ರ ಒಂದು ಪ್ರಯೋಗ ಸಾಕು. ಸಕ್ಕರೆ ತಿಂದರೆ ತಮ್ಮ ಮಗ ಎಗರಾಡುತ್ತಾನೆ ಅಂತ ನಂಬಿದ್ದ ಅಮ್ಮಂದಿರನ್ನು ಕರೆದರು. ಹುಡುಗರಿಗೆಲ್ಲ ಕೊಟ್ಟಿದ್ದು ಸಕ್ಕರೆ ಇಲ್ಲದ, ಬರೀ ಸಿಹಿ ರುಚಿಯ ಪಾನೀಯ. ಅರ್ಧ ಅಮ್ಮಂದಿರಿಗೆ ಮಾತ್ರ "ಸಕ್ಕರೆ ಕೊಟ್ಟಿದ್ದೇವೆ" ಅಂದರು. ಆ ಅಮ್ಮಂದಿರಿಗೆ ಮಕ್ಕಳು ಹೆಚ್ಚು ಚಡಪಡಿಸಿದಂತೆ ಕಂಡರು. ಅವರು ಮಗನ ಹತ್ತಿರ ಹತ್ತಿರವೇ ಸುಳಿದಾಡಿದರು, ಹೆಚ್ಚು ತಿದ್ದಿದರು. ಹಾಗಾಗಿ ಮನೆಯ ಅಂಕವೂ ಶಾಲೆಯ ಅಂಕವೂ ತಾಳೆಯಾಗದಿದ್ದರೆ ಯಾರೋ ಸುಳ್ಳು ಹೇಳಿದರು ಅಂತಲ್ಲ. ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕೇಳುವುದೇ ತಪಾಸಣೆಯ ಅರ್ಧ ಕೆಲಸ.

ಇದಕ್ಕೆಲ್ಲ ಹೊತ್ತು ಬೇಕು. ಹತ್ತು ನಿಮಿಷದಲ್ಲಿ ಎಡಿಎಚ್‌ಡಿ ಅಂದರೂ ನಂಬಬೇಡಿ, ಹತ್ತು ನಿಮಿಷದಲ್ಲಿ ಅಲ್ಲ ಅಂದರೂ ನಂಬಬೇಡಿ. ಹೋಗುವಾಗ ಎರಡು ವಾರದ ಟಿಪ್ಪಣಿ ಇದ್ದರೆ ಬಹಳ ಅನುಕೂಲ. ಎಷ್ಟಕ್ಕೆ ಮಲಗಿತು, ಎಷ್ಟಕ್ಕೆ ಎದ್ದಿತು, ಯಾವ ಕೆಲಸದಲ್ಲಿ ಕೈಬಿಟ್ಟಿತು, ಯಾವುದರಲ್ಲಿ ಮುಳುಗಿತು. "ಯಾವಾಗಲೂ ಹೀಗೇ" ಅನ್ನುವುದಕ್ಕಿಂತ "ಗುರುವಾರ ಬರವಣಿಗೆಗೆ ಕೂತು ನಾಲ್ಕು ನಿಮಿಷಕ್ಕೆ ಎದ್ದ" ಅನ್ನುವುದು ಡಾಕ್ಟರಿಗೆ ಜಾಸ್ತಿ ಹೇಳುತ್ತದೆ. ಹಳೆಯ ವರ್ಷಗಳ ಪ್ರಗತಿಪತ್ರಗಳಿದ್ದರೆ ಒಯ್ಯಿರಿ. ಟೀಚರುಗಳು ಬದಲಾದರೂ ದೂರು ಒಂದೇ ಇದೆಯಾ ಅನ್ನುವುದು ಅಲ್ಲಿ ಸಿಗುತ್ತದೆ.

ಆರು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ ಪ್ರಕಾರ, ಆ ವಯಸ್ಸಿಗೆ ಎಡಿಎಚ್‌ಡಿ ಅಂತ ಖಚಿತವಾದರೂ ಮೊದಲ ಹೆಜ್ಜೆ ಮಾತ್ರೆಯಲ್ಲ, ಹೆತ್ತವರಿಗೆ ಕೊಡುವ ತರಬೇತಿ. ಮಗುವಿಗೆ ಹೇಗೆ ಹೇಳಬೇಕು, ಯಾವಾಗ ಹೊಗಳಬೇಕು, ಯಾವುದನ್ನು ಕಂಡೂ ಕಾಣದ ಹಾಗಿರಬೇಕು, ಇಂಥವು. ಎಡಿಎಚ್‌ಡಿ ಇಲ್ಲದಿದ್ದರೂ ಇದರಿಂದ ನಷ್ಟ ಇಲ್ಲ. ಹಾಗಾಗಿ ಉತ್ತರ ಬರುವವರೆಗೆ ಕಾಯಬೇಕಾಗಿಯೂ ಇಲ್ಲ.

ಈ ಓಡಾಟದಲ್ಲಿ ಎಲ್ಲರನ್ನೂ ಕೇಳುತ್ತೇವೆ. ಅಪ್ಪ, ಅಮ್ಮ, ಟೀಚರ್, ಅಜ್ಜಿ. ಮಗುವನ್ನು ಕೇಳುವುದು ಮಾತ್ರ ಮರೆತುಹೋಗುತ್ತದೆ. ಬೈಯುವ ಹೊತ್ತಿನಲ್ಲಲ್ಲ, ಸುಮ್ನೆ ಜೊತೆಯಲ್ಲಿ ನಡೆಯುವಾಗಲೋ ಮಲಗುವ ಮುಂಚೆಯೋ ಕೇಳಬೇಕು: "ಕ್ಲಾಸಲ್ಲಿ ಕೂತಾಗ ಏನಾಗುತ್ತೆ ನಿನಗೆ?" ಏಳೆಂಟು ವರ್ಷದ ಮಗು ಇದಕ್ಕೆ ಉತ್ತರ ಹೇಳಬಲ್ಲದು. "ಟೀಚರ್ ಬೋರ್ಡಿನ ಕಡೆ ತಿರುಗಿದರೆ ಏನು ಹೇಳ್ತಾರೆ ಅಂತ ಕೇಳಿಸಲ್ಲ." "ಓದುವಾಗ ಅಕ್ಷರ ಒಂದರ ಮೇಲೊಂದು ಬರುತ್ತೆ." "ಅಮ್ಮ ಇವತ್ತೂ ಅಳ್ತಿರ್ತಾಳಾ ಅಂತ ಯೋಚನೆ ಬರುತ್ತೆ." ಅಥವಾ, "ಕೇಳಬೇಕು ಅಂತಾನೇ ಕೂತ್ಕೊಳ್ತೀನಿ. ಆಮೇಲೆ ನೋಡಿದರೆ ಬೆಲ್ ಹೊಡೆದಿರುತ್ತೆ. ನಡುವೆ ಎಲ್ಲಿ ಹೋಗಿದ್ದೆ ಅಂತ ನಂಗೇ ಗೊತ್ತಾಗಲ್ಲ."